ಬಾಗಿಲಿಲ್ಲದ ಪಾಲು

ಆ ಊರಿನಲ್ಲಿ ಕೈ ಖಾಲಿಯಾಗದವರು ಸಾಯುತ್ತಿರಲಿಲ್ಲ. ಊರು ಎಲ್ಲಿತ್ತು ಎಂದು ಕೇಳಬೇಡಿ. ವಿಚಾರಿಸಿಕೊಂಡು ಹೋಗುವಂಥ ಊರಲ್ಲ ಅದು. ಹೋದರೂ ನಿಮ್ಮ ಹೆಸರಿನ ಮನೆ, ಹೊಲ, ಕಿವಿಯ ಬೆಂಡೋಲೆ ಎಲ್ಲ ನಿಮ್ಮ ಬೆನ್ನ ಹಿಂದೆಯೇ ಬರುತ್ತವೆ. ಅಲ್ಲಿ ನಿಮಗೆ ಸುಖವಿಲ್ಲ.

ಸಾವು ಆ ಊರಿಗೆ ಬರುತ್ತಿರಲಿಲ್ಲವೆಂದಲ್ಲ. ಬರುತ್ತಿತ್ತು, ಎಲ್ಲ ಊರಿಗೂ ಬರುವಂತೆ. ಬಂದು ಮನೆಯ ಮುಂದೆ ನಿಂತು ಒಂದೇ ಮಾತು ಕೇಳುತ್ತಿತ್ತು: "ಇಲ್ಲೆ ನಿಂದೇನೈತಿ?" ಹೊಲ ಐತಿ ಎಂದರೆ ಹೋಗುತ್ತಿತ್ತು. ಎಮ್ಮೆ ಐತಿ ಎಂದರೆ ಹೋಗುತ್ತಿತ್ತು. ತೂತು ಬಿದ್ದ ತಂಬಿಗೆಯೊಂದು ಐತಿ ಎಂದರೂ, ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗಿ ಹೋಗುತ್ತಿತ್ತು. ಏನೂ ಇಲ್ಲ ಎಂದವರನ್ನು ಮಾತ್ರ ಕೈ ಹಿಡಿದು ಕರೆದುಕೊಂಡು ಹೋಗುತ್ತಿತ್ತು. ಹೀಗಾಗಿ ಅಲ್ಲಿ ಬಡವರು ಬೇಗ ಹೋಗುತ್ತಿದ್ದರು. ಅದು ಬಿಡಿ, ಎಲ್ಲ ಊರಲ್ಲೂ ಇದ್ದದ್ದೇ.

ಉಳ್ಳವರು ಉಳಿಯುತ್ತಿದ್ದರು. ಉಳಿದು ಉಳಿದು ಒಣಗುತ್ತಿದ್ದರು. ಬೆನ್ನು ಬಾಗಿ ಮೂಗು ಮೊಣಕಾಲಿಗೆ ತಾಗಿದರೂ ಹಿಡಿದ ಕೀಲಿಕೈ ಬಿಡದೆ ಕೂತವರಿದ್ದರು. ಮೊಮ್ಮಕ್ಕಳ ಮೊಮ್ಮಕ್ಕಳು ಹುಟ್ಟಿ, ಮೂಲೆಯಲ್ಲಿರುವುದು ತಮ್ಮ ಹಿರಿಯನೆಂದು ಗೊತ್ತಾಗದೆ, ಜೋಳದ ಚೀಲವೆಂದು ಅವನ ಮೇಲೆ ಕೂತದ್ದೂ ಉಂಟು. ಆದ್ದರಿಂದ ಬುದ್ಧಿ ಇದ್ದವರು ಬದುಕಿರುವಾಗಲೇ ಮಕ್ಕಳಿಗೆ ಕೊಟ್ಟುಬಿಡುತ್ತಿದ್ದರು. ಕೊಟ್ಟ ಕೂಡಲೇ ಸಾಯಬೇಕೆಂದೇನೂ ಇರಲಿಲ್ಲ. ಸಾವು ತನಗೆ ಬಿಡುವಾದಾಗ ಬರುತ್ತಿತ್ತು. ಬಂದಾಗ ತಡೆಯಲು ಏನೂ ಇರುತ್ತಿರಲಿಲ್ಲ, ಅಷ್ಟೇ.

ಕೊಡುವುದಕ್ಕೊಂದು ರೀತಿ ಇತ್ತು. ಊರಿಗೆಲ್ಲ ಒಬ್ಬನೇ ನೀರೆರೆಯುವ ಅಜ್ಜ. ಅವನು ಬಿಂದಿಗೆ ಹೊತ್ತು ಬರುತ್ತಿದ್ದ. ಕೊಡುವವರ ಕೈ ಮೇಲೆ, ಪಡೆಯುವವರ ಕೈ ಕೆಳಗೆ. ನೀರು ಮೇಲಿನ ಕೈಯಿಂದ ಕೆಳಗಿನ ಕೈಗೆ ಇಳಿಯುವಾಗ ಕೊಡುವವರು "ಕೊಟ್ಟೆ" ಎನ್ನಬೇಕು, ಪಡೆಯುವವರು "ತಗೊಂಡೆ" ಎನ್ನಬೇಕು. ಎರಡು ಮಾತೂ ಬಿದ್ದರೆ ಆಸ್ತಿ ಕೈ ದಾಟಿತು. ಒಂದೇ ಬಿದ್ದರೆ ನೀರು ಚೆಲ್ಲಿತು, ಆಸ್ತಿ ಕೊಡಲು ಬಂದವರ ಹೆಸರಲ್ಲೇ ಉಳಿಯಿತು. ದಾಟಿದ ಮೇಲೆ ಕೊಟ್ಟವರಿಗೆ ಅದರ ಮೇಲೆ ಹಕ್ಕಿಲ್ಲ. ತಾನು ಕೊಟ್ಟ ಮನೆಯೊಳಗೆ ಕಾಲಿಡಬೇಕಾದರೂ ಹೊಸ್ತಿಲ ಹೊರಗೆ ನಿಂತು "ಬರ್ಲೇನು?" ಎಂದು ಕೇಳಬೇಕು. ಒಳಗಿನಿಂದ "ಬಾ" ಎಂದ ಮೇಲೆ ಕಾಲಿಡಬೇಕು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂದು ಬೇರೆ ಊರುಗಳಲ್ಲಿ ನಗೆಯಾಡುತ್ತಾರೆ. ಆ ಊರಿನಲ್ಲಿ ಈ ಮಾತಿಗೆ ಯಾರೂ ನಗುತ್ತಿರಲಿಲ್ಲ.

ಅಲ್ಲಿ ಗಾಣದವ್ವ ಎಂಬವಳಿದ್ದಳು. ಗಂಡ ತನ್ನದೆಲ್ಲ ಅವಳ ಕೈಗೆ ಎರೆದು ಹೋಗಿದ್ದ. ಒಂದು ಮನೆ. ಮನೆಯ ಮಗ್ಗುಲಿಗೆ ಎಣ್ಣೆಯ ಗಾಣ, ಗಾಣಕ್ಕೊಂದು ಎತ್ತು. ಮನೆಯ ಮುಂದೆ ಬೀದಿಗೆ ಮುಖ ಮಾಡಿದ ಕಲ್ಲಿನ ಕಟ್ಟೆ. ಅವಳು ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟಿ ಗಾಣ ಹೊಡೆಯುತ್ತಿದ್ದಳು. ಎತ್ತು ಸುತ್ತುತ್ತಿತ್ತು, ಕುಸುಬೆ ಅರೆಯುತ್ತಿತ್ತು, ಎಣ್ಣೆ ಇಳಿಯುತ್ತಿತ್ತು. ಎತ್ತು ಸುತ್ತುತ್ತಿತ್ತು, ಮಕ್ಕಳು ಬೆಳೆಯುತ್ತಿದ್ದರು. ಹಿರಿಮಗ, ಕಿರಿಮಗ, ಇಬ್ಬರ ನಡುವೆ ಮಗಳು. ತಾಯಿಗೆ ಮೈ ಸರಿಯಿಲ್ಲದ ದಿನ ಗಾಣ ಹೊಡೆಯುತ್ತಿದ್ದವಳು ಮಗಳು. ಅವಳ ಸದ್ದು ಎತ್ತಿಗೂ ಗೊತ್ತಿತ್ತು. ಗಂಡುಮಕ್ಕಳು ಎದುರಿಗೆ ನಿಂತು ಕೂಗಿದರೂ ಎತ್ತು ಅವರನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಗಂಡುಮಕ್ಕಳಿಗೆ ಹೆಂಡಿರು ಬಂದರು. ಮಗಳು ಗುಡ್ಡದಾಚೆಯ ಊರಿಗೆ ಸೊಸೆಯಾಗಿ ಹೋದಳು. ಗಾಣದವ್ವನ ಮೊಣಕಾಲು ಹಿಡಿದುಕೊಂಡಿತು. ಒಂದು ದಿನ ಅವಳು ನೀರೆರೆಯುವ ಅಜ್ಜನನ್ನು ಕರೆಸಿದಳು.

"ಎಲ್ಲಾ ಕೊಡಾಕಿ ಅದೀನಿ," ಎಂದಳು. "ನಮ್ಮತ್ತಿ ಕೀಲಿಕೈ ಹಿಡಕೊಂಡು ಒಣಗಿದ್ದನ್ನ ನೋಡೀನಿ. ನನಗ ಹಂಗ ಬ್ಯಾಡ. ಕೊಟ್ಟು, ನನ್ನ ಮಕ್ಕಳು ಹಿಗ್ಗೋದನ್ನ ಕಣ್ಣಾರೆ ನೋಡ್ತೀನಿ."

ಅಜ್ಜ ಬಿಂದಿಗೆ ಕೆಳಗಿಟ್ಟ. "ಕೊಡು ತಂಗಿ, ಚೊಲೋ ಮಾತು. ಆದ್ರ ಒಂದು ತಂಬಿಗಿ ಆದ್ರೂ ನಿನ್ನ ಕಡೆ ಇಟಗೋ."

ಅವಳು ನಕ್ಕಳು. "ಮಕ್ಕಳ ಮನಿಯಾಗ ನನಗೊಂದು ತಂಬಿಗಿ ನೀರು ಸಿಗೂದಿಲ್ಲೇನು ಅಜ್ಜಾ?"

ಅಜ್ಜ ಬಹಳ ಮನೆಗಳಲ್ಲಿ ನೀರೆರೆದವನು. ಬಿಂದಿಗೆ ಮತ್ತೆ ಎತ್ತಿಕೊಂಡ.

ಮಗಳಿಗೆ ಹೇಳಿ ಕಳಿಸಿದರು. ಅವಳು ಬಂದಳು. ಬೀದಿಯವರು ಬಂದು ಸುತ್ತ ನಿಂತರು. ಒಲೆಯ ಮೇಲೆ ಹೋಳಿಗೆಯ ಹೂರಣ ಕುದಿಯುತ್ತಿತ್ತು. ಗಾಣದವ್ವ ಹಿರಿಮಗನ ಕೈಯ ಮೇಲೆ ಕೈ ಹಿಡಿದು "ಈ ಮನಿ, ಮನಿಯಾಗಿಂದೆಲ್ಲಾ ಕೊಟ್ಟೆ" ಎಂದಳು. ನೀರು ಇಳಿಯಿತು. "ತಗೊಂಡೆ" ಎಂದ ಹಿರಿಮಗ. ಕಿರಿಮಗನ ಕೈಯ ಮೇಲೆ ಕೈ ಹಿಡಿದು "ಗಾಣ ಕೊಟ್ಟೆ, ಎತ್ತು ಕೊಟ್ಟೆ" ಎಂದಳು. ನೀರು ಇಳಿಯಿತು. "ತಗೊಂಡೆ, ತಗೊಂಡೆ" ಎಂದ ಕಿರಿಮಗ. ಆಮೇಲೆ ಮಗಳ ಕಡೆ ತಿರುಗಿದಳು. ಮಗಳು ಕೈ ಚಾಚಿದಳು. ಎಣ್ಣೆಯಲ್ಲಿ ನೆಂದು ಬೆಳೆದ ಕೈ ಅದು.

"ಮನಿ ಮುಂದಿನ ಕಟ್ಟಿ ನಿನಗ ಕೊಟ್ಟೆ," ಎಂದಳು ತಾಯಿ.

ನೀರು ಇಳಿಯಿತು. ಮಗಳ ಬಾಯಿಂದ ಮಾತು ಬರಲಿಲ್ಲ. ಎಲ್ಲರೂ ಕಾದರು. ನೀರು ಅವಳ ಬೆರಳ ಸಂದಿಯಿಂದ ಸೋರಿ ನೆಲಕ್ಕೆ ಬಿತ್ತು.

"ಅವಗ ಮನಿ," ಎಂದಳು ಮಗಳು ಕೊನೆಗೆ. "ಇವಗ ಗಾಣ. ನನಗ ಮಂದಿ ಚಪ್ಪಲಿ ಬಿಡೂ ಜಾಗಾ?"

ತಾಯಿ ಏನೋ ಹೇಳಹೊರಟಳು. ಆಚೆ ಹಿರಿಮಗ ನಿಂತಿದ್ದ, ಈಚೆ ಕಿರಿಮಗ ನಿಂತಿದ್ದ. ಅವಳು ಹೇಳಬೇಕೆಂದಿದ್ದ ಮಾತು ಅವರಿಬ್ಬರ ಎದುರು ಹೇಳುವಂಥದ್ದಾಗಿರಲಿಲ್ಲ. ಮಗಳು ಕೈ ಕೊಡವಿ, ಸೆರಗಿಗೆ ಒರೆಸಿಕೊಂಡು, ಹೋಳಿಗೆ ಮುಟ್ಟದೆ, ತಾಯಿಯ ಮುಖ ನೋಡದೆ ಗುಡ್ಡದ ಹಾದಿ ಹಿಡಿದಳು. ಅವತ್ತು ಉಳಿದವರೆಲ್ಲ ಹೊಟ್ಟೆ ತುಂಬ ಉಂಡರು.

ಮರುದಿನ ಬೆಳಿಗ್ಗೆ ಅವಳು ನೀರು ತರಲು ಹೋಗಿ ಬಂದು ಹೊಸ್ತಿಲ ಹೊರಗೆ ನಿಂತು ಕೇಳಿದಳು: "ಬರ್ಲೇನು?"

"ಬಾ ಬೇ ಯವ್ವಾ! ಇದನ್ನೂ ಕೇಳೂದೇನು?" ಎಂದು ಹಿರಿಮಗ ಓಡಿ ಬಂದು ಕೊಡ ಇಳಿಸಿಕೊಂಡ. ಸೊಸೆ ನಕ್ಕಳು. ಮೊಮ್ಮಕ್ಕಳು ಸೆರಗು ಹಿಡಿದು ಒಳಗೆ ಎಳೆದರು. ಗಾಣದವ್ವನ ಮುಖ ಅರಳಿತು. ಇದನ್ನೇ ಅಲ್ಲವೇ ಅವಳು ನೋಡಬೇಕೆಂದಿದ್ದದ್ದು.

ಮಳೆಗಾಲ ಕಳೆಯಿತು. "ಬರ್ಲೇನು?" ಎಂದಳು. "ಬಾ ಬೇ," ಎಂದ ಮಗ, ಕೂತಲ್ಲಿಂದ.

ಸುಗ್ಗಿ ಕಳೆಯಿತು. "ಬರ್ಲೇನು?" ಎಂದಳು. "ಹೂಂ," ಎಂದ ಮಗ.

ಬೇಸಿಗೆ ಬಂತು. "ಬರ್ಲೇನು?" ಎಂದಳು. ಒಳಗೆ ಮಾತುಕತೆ ನಡೆದಿತ್ತು, ಪಾತ್ರೆಯ ಸದ್ದಿತ್ತು, ಮಗು ಅಳುತ್ತಿತ್ತು. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಕೇಳಲು ಅವಳಿಗೆ ನಾಚಿಕೆಯಾಯಿತು. ತಿರುಗಿ ಬಂದು ಕಟ್ಟೆಯ ಮೇಲೆ ಕೂತಳು.

ಹಿರಿಮಗ ಒಮ್ಮೆಯೂ ಬೇಡ ಎನ್ನಲಿಲ್ಲ, ಆ ಮಾತು ಅವನ ಪರವಾಗಿ ಹೇಳಲೇಬೇಕು. ಬೀದಿಯವರು ಕೇಳಿದರೆ "ನಾ ಏನ್ ಬ್ಯಾಡ ಅಂದೇನೇನು? ಕೇಳಿದ್ರ ಬಾ ಅಂತೀನಿ" ಎನ್ನುತ್ತಿದ್ದ. ನಿಜವೇ. ಆ ಊರಿನಲ್ಲಿ ಯಾರೂ ಹೆತ್ತವರಿಗೆ ಬೇಡ ಎನ್ನುವುದಿಲ್ಲ. ಕೇಳಿಸುವುದಿಲ್ಲ, ಅಷ್ಟೇ.

ಗಾಣದ ಬಾಗಿಲಿಗೂ ಅವಳು ಹೋದಳು. "ಎತ್ತಿನ ಮೈ ಮುಟ್ಲೇನು?" ಎಂದು ಕೇಳಿದಳು. ಮೊದಮೊದಲು ಕಿರಿಮಗ ಎತ್ತನ್ನೇ ಹೊರಗೆ ಹಿಡಿದು ತಂದು ನಿಲ್ಲಿಸುತ್ತಿದ್ದ. ಅವಳು ಅದರ ಕಣ್ಣಿನ ಬಟ್ಟೆ ಬಿಚ್ಚಿ ಕತ್ತು ತುರಿಸುತ್ತಿದ್ದಳು. ಆಮೇಲೆ ಅವನಿಗೆ ಕೈತುಂಬ ಕೆಲಸ. ಗಾಣದ ಸದ್ದಿನಲ್ಲಿ ಮುದುಕಿಯ ದನಿ ಯಾರಿಗೆ ಕೇಳೀತು? ಅವಳು ಗೋಡೆಯ ಈಚೆ ನಿಂತು ಎತ್ತು ಸುತ್ತುವುದನ್ನು ಕಿವಿಯಿಂದ ಕೇಳಿ ತಿರುಗಿ ಬರುತ್ತಿದ್ದಳು. ಬಂದು ಕಟ್ಟೆಯ ಮೇಲೆ ಕೂರುತ್ತಿದ್ದಳು.

ಕಟ್ಟೆಯ ಮೇಲೆ ಕೂರಲು ಅವಳು ಯಾರನ್ನೂ ಕೇಳಬೇಕಿರಲಿಲ್ಲ. ಮಗಳು "ತಗೊಂಡೆ" ಎಂದಿರಲಿಲ್ಲವಲ್ಲ, ಕಟ್ಟೆ ಇನ್ನೂ ಅವಳದೇ ಆಗಿತ್ತು. ಮೊದಲು ಹಗಲು ಅಲ್ಲಿ ಕೂತಳು. ಆಮೇಲೆ ಮಧ್ಯಾಹ್ನ ಅಲ್ಲೇ ಒರಗಿದಳು. ಆಮೇಲೆ ಕೌದಿ ತಂದು ಅಲ್ಲೇ ಮಲಗಿದಳು. ಸೊಸೆ ಕೆಟ್ಟವಳಲ್ಲ. ಕಿಟಕಿಯಿಂದ ರೊಟ್ಟಿ ಪಲ್ಯ ಚಾಚುತ್ತಿದ್ದಳು, ಚಳಿಗಾಲದಲ್ಲಿ ಇನ್ನೊಂದು ಕೌದಿ ಕೊಟ್ಟಳು. ಬಿಸಿಲು ಬಂದರೆ ಗಾಣದವ್ವ ಗೋಡೆಗೆ ಸರಿದಳು. ಮಳೆ ಬಂದರೂ ಗೋಡೆಗೇ ಸರಿದಳು. ಬೀದಿಯಲ್ಲಿ ಹೋಗುವವರು "ಯಾಕ ಬೇ, ಹೊರಗ ಕುಂತಿ?" ಎಂದು ಕೇಳಿದರೆ "ಒಳಗ ಸೆಕೆ" ಎನ್ನುತ್ತಿದ್ದಳು. ಚಳಿಗಾಲದಲ್ಲೂ ಅದನ್ನೇ ಹೇಳುತ್ತಿದ್ದಳು.

ಹೀಗೇ ವರ್ಷಗಳು ಸುತ್ತಿದವು. ಗಾಣದವ್ವನ ಕಣ್ಣಿಗೆ ಪೊರೆ ಬಂತು. ಸೊಂಟ ಬಿತ್ತು. ಕಲ್ಲಿನ ಮೇಲೆ ಮಲಗಿ ಮಲಗಿ ಬೆನ್ನಿಗೆ ಹುಣ್ಣಾಯಿತು. ತುತ್ತು ಗಂಟಲಲ್ಲಿ ಇಳಿಯದಾಯಿತು. ಒಂದು ದಿನ ಸಾವು ಬಂದು ಕಟ್ಟೆಯ ಮುಂದೆ ನಿಂತಿತು.

"ಇಲ್ಲೆ ನಿಂದೇನೈತಿ?"

"ಈ ಕಟ್ಟಿ ನಂದು," ಎಂದಳು ಗಾಣದವ್ವ. "ಕೊಟ್ಟೀನಿ. ತಗೊಂಡಿಲ್ಲ."

ಸಾವು ಕಟ್ಟೆಯನ್ನು ನೋಡಿತು, ಅವಳ ಬೆನ್ನನ್ನು ನೋಡಿತು, ಹೋಯಿತು. ಮುಂದಿನ ಅಮಾವಾಸ್ಯೆಗೆ ಮತ್ತೆ ಬಂತು, ಮತ್ತೆ ಕೇಳಿತು, ಮತ್ತೆ ಹೋಯಿತು. ಅವಳು ನರಳುವ ಸದ್ದು ಬೀದಿಯ ಆ ತುದಿಗೂ ಕೇಳುತ್ತಿತ್ತು. ಅದು ಮಾತ್ರ ಎಲ್ಲರಿಗೂ ಕೇಳುತ್ತಿತ್ತು. ಗಂಡುಮಕ್ಕಳಿಗೆ ಮುಖ ಎತ್ತಿ ತಿರುಗುವುದು ಕಷ್ಟವಾಯಿತು. ನೀರೆರೆಯುವ ಅಜ್ಜ ಗುಡ್ಡದಾಚೆಗೆ ಹೇಳಿ ಕಳಿಸಿದ: ನಿಮ್ಮವ್ವಗ ಸಾವು ಬಂದು ಬಂದು ಹೊಳ್ಳಿ ಹೋಗಾಕತ್ತೈತಿ. ಬಂದು ಒಂದು ಮಾತು ಹೇಳಿ ಹೋಗು.

ಮಗಳು ಬಂದಳು. ಇಷ್ಟು ವರ್ಷ ಅವಳು ಸಿಟ್ಟನ್ನು ಸಾಕಿಕೊಂಡೇ ಬದುಕಿದ್ದಳು. ರೊಟ್ಟಿ ಬಡಿಯುವಾಗ ಬಡಿದಿದ್ದು ಅದೇ ಸಿಟ್ಟು, ಕಸ ಗುಡಿಸುವಾಗ ಗುಡಿಸಿದ್ದು ಅದೇ ಸಿಟ್ಟು. ತಾಯಿಯ ಎದುರು ನಿಂತು ಏನೇನು ಅನ್ನಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಬೀದಿಯ ತಿರುವಿಗೆ ಬಂದಾಗ ಕಟ್ಟೆಯ ಮೇಲೆ ಕೌದಿಯ ಗಂಟೊಂದು ಕಂಡಿತು. ಗಂಟು ಉಸಿರಾಡುತ್ತಿತ್ತು.

ಅವಳು ಬಾಗಿ ನೋಡಿದಳು. ಮುಚ್ಚಿದ ಬಾಗಿಲನ್ನು ನೋಡಿದಳು. ಕಿಟಕಿಯಲ್ಲಿಟ್ಟ ತಾಟನ್ನು ನೋಡಿದಳು. ತಾನು ಸಿಟ್ಟಿನಲ್ಲಿ ಒಲ್ಲೆ ಎಂದು ಬಿಟ್ಟುಹೋದ ಜಾಗವೇ ತಾಯಿಗೆ ಇಷ್ಟು ವರ್ಷ ಹಾಸಿಗೆಯಾಗಿದೆ ಎಂಬುದು ಅವಳಿಗೆ ಆಗ ತಿಳಿಯಿತು. ಅವತ್ತು ತಾನು "ತಗೊಂಡೆ" ಎಂದಿದ್ದರೆ ತಾಯಿಗೆ ಅದೂ ಇರುತ್ತಿರಲಿಲ್ಲ.

ಅವಳು ಬಾಗಿಲು ಬಡಿದಳು. ಅಣ್ಣ ಬಂದ.

"ಅಣ್ಣಾ, ಅವ್ವನ್ನ ಯಾಕ ಒಳಗ ಕರಕೊಂಡಿಲ್ಲ?"

"ಅಕಿ ಕೇಳಲಿಲ್ಲ," ಎಂದ ಅಣ್ಣ.

ಅವಳು ಅಣ್ಣನತ್ತ ಬೆನ್ನು ತಿರುಗಿಸಿದಳು. ಸೆರಗು ಸಿಗಿಸಿ ನೀರು ಕಾಯಿಸಿದಳು, ತಾಯಿಯ ಮೈ ಒರೆಸಿದಳು, ಹುಣ್ಣಿಗೆ ಅರಿಶಿನ ಎಣ್ಣೆ ಹಚ್ಚಿದಳು, ಕೌದಿ ಒಗೆದು ಹಾಕಿದಳು, ಗಂಜಿ ಕುಡಿಸಿದಳು. ಮರುದಿನವೂ ಅದನ್ನೇ ಮಾಡಿದಳು. ಅದರ ಮರುದಿನವೂ. ಊರವರು ಕಾದರು. ಸಾವು ಬಂದು ಬೀದಿಯ ಆಚೆ ಬದಿಯಲ್ಲಿ ನಿಂತು ಕಾದಿತು. ಮಗಳು ಆ ಒಂದು ಮಾತು ಬಿಟ್ಟು ಉಳಿದೆಲ್ಲ ಮಾತಾಡಿದಳು.

"ನನ್ನವ್ವಾ," ಎಂದಳು ತಾಯಿ ಒಂದು ಮಧ್ಯಾಹ್ನ. "ಕಟ್ಟಿ ತಗೊ."

"ಒಲ್ಲೆ."

"ಇನ್ನೂ ಸಿಟ್ಟೈತೇನು?"

"ಸಿಟ್ಟಲ್ಲ ಯವ್ವಾ. ತಗೊಂಡೆ ಅಂದ್ರ ನೀ ಹೋಗ್ತಿ."

"ಬೆನ್ನು ನೋಡಿದೆಲ್ಲಾ?"

ದಿನಾ ಅವಳೇ ಆ ಬೆನ್ನು ತೊಳೆಯುತ್ತಿದ್ದಳು.

"ಕೊಟ್ಟಿದ್ದನ್ನ ತಗೊಳ್ಳೋರಿಲ್ಲಂದ್ರ, ಕೊಟ್ಟೋರು ಎಷ್ಟು ದಿನಾ ಅಂತ ಕೈ ಚಾಚಿಕೊಂಡಿರಬೇಕವ್ವಾ? ಕೈ ಸೋತಾವ."

ಮಗಳು ತಾಯಿಯ ಕೈ ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡಳು. ಎಷ್ಟೋ ವರ್ಷದಿಂದ ಕೇಳದೆ ಉಳಿದಿದ್ದ ಮಾತು ಕೇಳಿದಳು: "ನನಗ್ಯಾಕ ಕಟ್ಟಿ ಕೊಟ್ಟಿ ಯವ್ವಾ? ಗಾಣಾ ಹೊಡದಾಕಿ ನಾನು."

ಮುದುಕಿ ಬಾಗಿಲ ಕಡೆ ಕಿವಿಗೊಟ್ಟಳು. ಒಳಗೆ ಯಾರೂ ಹತ್ತಿರವಿಲ್ಲ ಎನಿಸಿದ ಮೇಲೆ ಮಗಳನ್ನು ಬಗ್ಗಿಸಿ ಕಿವಿಯಲ್ಲಿ ಹೇಳಿದಳು.

"ಮನಿಗೆ ಬಾಗಲಾ ಐತಿ. ಗಾಣಕ್ಕೂ ಬಾಗಲಾ ಐತಿ. ಬಾಗಲಾ ಇದ್ದದ್ದು ಇವತ್ತಲ್ಲ ನಾಳೆ ಹಾಕೇ ಹಾಕ್ತಾರ. ನೀ ಹೊರಗಿನ್ಯಾಕಿ ಆದಿ. ತವರಿಗೆ ಬಂದಾಗ ಅಣ್ಣತಮ್ಮದೇರು ಬಾಗಲಾ ತಗೀದಿದ್ರ ನೀ ಬೀದ್ಯಾಗ ನಿಲ್ಲಬಾರ್ದು. ನನ್ನ ಕಡೆ ಇದ್ದದ್ದರಾಗ ಬಾಗಲಾ ಇಲ್ಲದ್ದು ಇದೊಂದೇ ಇತ್ತು. ಅದನ್ನ ನಿನಗಂತ ತಗದಿಟ್ಟಿದ್ದೆ. ಅವತ್ತು ಅವರ ಮುಂದ ಹೆಂಗ ಹೇಳಲಿ? ಮಕ್ಕಳಲ್ಲೇನು ಅವರು?"

ಮಗಳಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಮೂರು ಮಕ್ಕಳಲ್ಲಿ ತಾಯಿ ಯಾರ ದಾರಿಯನ್ನು ಮುಂದಾಗಿ ನೋಡಿದ್ದಳು, ಯಾರಿಗಾಗಿ ಹೆದರಿದ್ದಳು ಎಂಬುದು ಇಷ್ಟು ತಡವಾಗಿ ತಿಳಿಯಿತು. ಅವಳು ಎದ್ದು ಹೋಗಿ ಅಜ್ಜನನ್ನು ಕರೆದು ತಂದಳು.

ಅಜ್ಜ ಬಿಂದಿಗೆ ಬಗ್ಗಿಸಿದ. ತಾಯಿಯ ಕೈ ಮೇಲೆ, ಮಗಳ ಕೈ ಕೆಳಗೆ. ನೀರು ಇಳಿಯಿತು.

"ಕೊಟ್ಟೆ," ಎಂದಳು ತಾಯಿ.

"ತಗೊಂಡೆ," ಎಂದಳು ಮಗಳು.

ಗಾಣದವ್ವ ಉಸಿರು ಬಿಟ್ಟಳು. ತಲೆಯ ಮೇಲಿನ ಹೊರೆ ಇಳಿಸಿದವರು ಬಿಡುವಂಥ ಉಸಿರು. ಅವಳ ಮುಖದ ಗಂಟುಗಳೆಲ್ಲ ಸಡಿಲಾದವು. ಆಮೇಲೆ ಏನೋ ನೆನಪಾದಂತೆ ಕೈಯೂರಿ ತುಸು ಎದ್ದಳು. ಕಾಣದ ಕಣ್ಣು ಮಗಳಿದ್ದ ಕಡೆ ತಿರುಗಿಸಿ, ಇಬ್ಬರು ಗಂಡುಮಕ್ಕಳ ಬಾಗಿಲಲ್ಲಿ ಕೇಳಿ ಕೇಳಿ ರೂಢಿಯಾದ ಮೆಲುದನಿಯಲ್ಲಿ ಕೇಳಿದಳು:

"ಇಲ್ಲೆ ಕುಂದ್ರಲೇನು?"

ಮಗಳ ಎದೆ ಒಡೆಯಿತು. ಅಳು ಒತ್ತರಿಸಿ ಬಂತು. ಹೋಗುವ ಜೀವದ ಕಿವಿಗೆ ಅಳುವಿನ ಸದ್ದು ಬೀಳಬಾರದೆಂದು ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದಳು. ಹೂಂ, ಹೂಂ ಎಂದು ತಲೆಯಾಡಿಸಿದಳು. ಮತ್ತೆ ಮತ್ತೆ ತಲೆಯಾಡಿಸಿದಳು. ಪೊರೆ ಬಂದ ಕಣ್ಣಿಗೆ ಅದು ಎಲ್ಲಿ ಕಾಣಬೇಕು?

ಗಾಣದವ್ವ ಕಾದಳು. ಎಷ್ಟು ಹೊತ್ತು ಕಾಯಬೇಕು, ಯಾವಾಗ ತಿರುಗಬೇಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಗಳ ಮೇಲೆ ಅವಳಿಗೆ ಬೇಸರವೇನೂ ಆಗಲಿಲ್ಲ. ಕೆಲಸದಲ್ಲಿದ್ದಾಳೆ, ಕೇಳಿಸಿಲ್ಲ ಎಂದುಕೊಂಡಳು. ಎರಡನೆಯ ಸಲ ಕೇಳುವುದು ಅವಳಿಗೆ ಒಗ್ಗುತ್ತಿರಲಿಲ್ಲ. ಮೆಲ್ಲಗೆ ಕಾಲು ಕೆಳಗೆ ಬಿಟ್ಟಳು. ಎಷ್ಟೋ ತಿಂಗಳಿಂದ ನಿಲ್ಲದ ಕಾಲು ಅದು. ಮಗಳು ಬಾಯಿಯ ಮೇಲಿನ ಕೈ ತೆಗೆದು ಹಿಡಿಯುವಷ್ಟರಲ್ಲಿ ತಾಯಿ ಕಟ್ಟೆಯಿಂದ ಜಾರಿ ಬೀದಿಯ ಮಣ್ಣಿನಲ್ಲಿ ಕೂತಿದ್ದಳು. ಬೀದಿಯಲ್ಲಿ ಕೂರಲು ಯಾರನ್ನೂ ಕೇಳಬೇಕಿಲ್ಲ. ಸಾವು ಆಚೆ ಬದಿಯಿಂದ ದಾಟಿ ಬಂತು. ಈ ಸಲ ಏನನ್ನೂ ಕೇಳಲಿಲ್ಲ.

ಗಂಡುಮಕ್ಕಳು ಹೊರಗೆ ಬಂದರು. ಸೊಸೆಯರು ಬಂದರು. ಬೀದಿ ತುಂಬಿತು. ಮಗಳು ತಾಯಿಯನ್ನು ತಬ್ಬಿಕೊಂಡು ಮಣ್ಣಿನಲ್ಲಿ ಕೂತಿದ್ದಳು. ಸತ್ತವರನ್ನು ಆ ಊರಿನಲ್ಲಿ ಮನೆಯ ಮುಂದಿನ ಕಟ್ಟೆಯ ಮೇಲೆ ಕೂರಿಸುತ್ತಾರೆ, ಬಂದವರು ಕೊನೆಯ ಸಲ ಮುಖ ನೋಡಲಿ ಎಂದು. ಇಬ್ಬರು ಮಕ್ಕಳೂ ತಾಯಿಯನ್ನು ಎತ್ತಲು ಬಗ್ಗಿದರು. ಬಗ್ಗಿದವರು ಹಾಗೇ ನಿಂತರು. ಕಟ್ಟೆ ಈಗ ಮಗಳದು.

ಹಿರಿಮಗ ತಲೆ ತಗ್ಗಿಸಿದ. ಹುಟ್ಟಿದಾಗಿನಿಂದ ಆ ಮನೆಯ ಮುಂದೆ ಯಾರನ್ನೂ ಏನನ್ನೂ ಕೇಳಿದವನಲ್ಲ ಅವನು.

"ತಂಗಿ," ಎಂದ. "ಅವ್ವನ್ನ ಇಲ್ಲೆ ಕುಂದ್ರಸ್ಲೇನು?"

"ಕುಂದ್ರು," ಎಂದಳು ಮಗಳು.

ಅಣ್ಣನಿಗೆ ಹೇಳಿದ್ದಲ್ಲ ಅದು. ಅವಳ ಬಾಯಿ ತಾಯಿಯ ಕಿವಿಯ ಹತ್ತಿರವಿತ್ತು. "ಕುಂದ್ರು ಯವ್ವಾ. ಕುಂದ್ರು." ಅವರು ಗಾಣದವ್ವನನ್ನು ಎತ್ತಿ ಕಟ್ಟೆಯ ಮೇಲೆ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ಹಣೆಗೆ ವಿಭೂತಿ ಹಚ್ಚಿದರು. "ಕುಂದ್ರು ಬೇ, ನಿಂದೇ ಐತಿ, ಕುಂದ್ರು," ಎನ್ನುತ್ತಿದ್ದಳು ಮಗಳು. ಹೂವಿನ ಹಾರ ಬಂತು, ಭಜನೆಯವರು ಬಂದರು. ನೀರೆರೆಯುವ ಅಜ್ಜ ಅವಳ ತಲೆಯ ಮೇಲೆ ಕೈಯಿಟ್ಟು, "ಸಾಕು ಬಿಡವ್ವಾ, ಕುಂತಾಳ," ಎಂದ. ಅವಳಿಗೆ ಅದು ಕೇಳಿಸಲಿಲ್ಲ. ಕುಂದ್ರು, ಕುಂದ್ರು ಎನ್ನುತ್ತಲೇ ಇದ್ದಳು.